ಗುಳೆ ಹೋದವರು, ಕೂಲಿ ನಂಬಿದವರು ಪದೇ ಪದೇ ಕೇಳುವ ಕಾನೂನು ಪ್ರಶ್ನೆಗಳು

ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ ಕಡೆಯಿಂದ ಬೆಂಗಳೂರಿಗೆ ಬಂದವರು, ವಿಜಯಪುರ-ಬಾಗಲಕೋಟೆಯಿಂದ ಗೋವಾಕ್ಕೆ ಹೋದವರು, ಬಿಹಾರ-ಅಸ್ಸಾಂನಿಂದ ಇಲ್ಲಿಗೆ ಬಂದವರು, ಊರಲ್ಲೇ ಉಳಿದ ಅವರ ಮನೆಮಂದಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಕಾರ್ಮಿಕ ಕಾನೂನುಗಳ ಉತ್ತರಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಇವೆ.

## ಮೊದಲು ತಿಳಿಯಬೇಕಾದ್ದು

ಸರ್ಕಾರದ ವಕೀಲರು ಸಿಗ್ತಾರೆ ಅಂತಾರೆ. ಅದು ಯಾರಿಗೆ? ನಿಜವಾಗ್ಲೂ ದುಡ್ಡು ಕೊಡೋ ಹಾಗಿಲ್ವಾ?

ಕೊಡುವ ಹಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಯಾರಿಗೆ ಉಚಿತ ನೆರವು ಎಂದು ಪಟ್ಟಿ ಮಾಡಿದೆ. ಎಲ್ಲ ಹೆಂಗಸರು ಮತ್ತು ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ದುಡಿಮೆಗೆ ಸಿಕ್ಕವರು, ನೆರೆ-ಬರದಂಥ ವಿಪತ್ತಿಗೆ ತುತ್ತಾದವರು, ಪೊಲೀಸ್ ಅಥವಾ ನ್ಯಾಯಾಂಗ ಬಂಧನದಲ್ಲಿ ಇರುವವರು ಇದರಲ್ಲಿ ಬರುತ್ತಾರೆ. ಇವರ್ಯಾರಿಗೂ ಆದಾಯದ ಮಿತಿ ಇಲ್ಲ. ಹೆಂಗಸರಿಗೆ ಆದಾಯ ಪ್ರಮಾಣಪತ್ರ ತನ್ನಿ ಎಂದು ವಾಪಸ್ ಕಳಿಸುವುದು ಈಗಲೂ ನಡೆಯುತ್ತದೆ. ಅದು ತಪ್ಪು. 12ನೇ ಕಲಂ ತೋರಿಸಿ ಕೇಳಿ.

ಈ ಪಟ್ಟಿಗೆ ಸೇರದವರಿಗೆ ಮಾತ್ರ ಆದಾಯದ ಲೆಕ್ಕ. ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ, ಸುಪ್ರೀಂ ಕೋರ್ಟಿನ ಪ್ರಕರಣಕ್ಕೆ 5 ಲಕ್ಷ. ಆದಾಯದ ಬಗ್ಗೆ ನೀವು ಕೊಡುವ ಅಫಿಡವಿಟ್ ಸಾಕು ಎಂದು 13ನೇ ಕಲಂ ಹೇಳುತ್ತದೆ. ಅನುಮಾನಕ್ಕೆ ಕಾರಣ ಇಲ್ಲದೆ ಅದನ್ನು ತಳ್ಳಿಹಾಕುವಂತಿಲ್ಲ. ವಕೀಲರ ಫೀಸು, ಕೋರ್ಟ್ ಫೀ, ನೋಟಿಸ್ ಖರ್ಚು, ನಕಲು, ಭಾಷಾಂತರ ಎಲ್ಲವನ್ನೂ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ.

ಎಲ್ಲಿಗೆ ಹೋಗಿ ಯಾರ್ನ ಕೇಳ್ಬೇಕು? ನಂಗೆ ಬರೆಯೋಕೆ ಬರಲ್ಲ.

ಪ್ರತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರ. ಹೈಕೋರ್ಟಿನ ಪ್ರಕರಣಕ್ಕೆ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಹೈಕೋರ್ಟ್ ಸಮಿತಿಯ ವ್ಯವಸ್ಥೆ ಇದೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ.

ಅರ್ಜಿ ಬಿಳಿ ಹಾಳೆಯಲ್ಲಿದ್ದರೂ ನಡೆಯುತ್ತದೆ. ಹೆಸರು, ಈಗ ಇರುವ ಜಾಗ, ಊರಿನ ವಿಳಾಸ, ಫೋನ್ ನಂಬರು, ತೊಂದರೆ ಏನು, 12ನೇ ಕಲಂನ ಯಾವ ವರ್ಗಕ್ಕೆ ಸೇರುತ್ತೀರಿ, ಇಷ್ಟು ಬರೆದರೆ ಸಾಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಅಲ್ಲಿನ ಅರೆ ಕಾನೂನು ಸ್ವಯಂಸೇವಕರು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಓದಿ ಹೇಳುವ ತನಕ ಹೆಬ್ಬೆಟ್ಟು ಕೊಡಬೇಡಿ. ಆದಷ್ಟೂ ಅದೇ ದಿನ, ತಡವೆಂದರೂ 7 ದಿನದೊಳಗೆ ಅರ್ಜಿ ತೀರ್ಮಾನವಾಗಬೇಕು ಎಂಬುದು ನಿಯಮ.

ಅರ್ಜಿಗಳು ದಾರಿ ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಕೊಟ್ಟಿದ್ದಕ್ಕೆ ಗುರುತೇ ಇರುವುದಿಲ್ಲ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಹಿತ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಾರ್ಮಿಕ ಇಲಾಖೆ, ತಹಶೀಲ್ದಾರ್ ಕಚೇರಿ, ಎಸ್‌ಪಿ ಕಚೇರಿ, ಎಲ್ಲಿಗೆ ಹೋದರೂ ಇದೇ ರೂಢಿ ಇಟ್ಟುಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ವಕೀಲರನ್ನ ಕೊಟ್ರು. ಈಗ ಅವ್ರೇ ‘ಖರ್ಚಿಗೆ’ ಅಂತ ಕೇಳ್ತಾ ಇದಾರೆ.

ಕೊಡಬೇಡಿ. ಪ್ಯಾನಲ್ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ನೇಮಿಸಿದ ಸಮಿತಿಯ ಕಾರ್ಯದರ್ಶಿಗೆ ಯಾವ ದಿನ, ಎಷ್ಟು ಕೇಳಿದರು ಎಂದು ಬರೆದು ಕೊಟ್ಟು, ಬೇರೆ ವಕೀಲರನ್ನು ನೇಮಿಸಲು ಕೋರಿ. ದುಡ್ಡು ಕೇಳದಿದ್ದರೂ ದಿನಾಂಕಕ್ಕೆ ಬರದ, ಫೋನಿಗೆ ಸಿಗದ ವಕೀಲರನ್ನೂ ಹೀಗೇ ಬದಲಾಯಿಸಿಕೊಳ್ಳಬಹುದು. ಮೂಲ ಕಾಗದಗಳನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ಯಾದಗಿರಿಯಿಂದ ಬೆಂಗಳೂರಿಗೆ ಬಂದೋರು ನಾವು. ಕಾನೂನು ನಮ್ಮನ್ನ ವಲಸೆ ಕಾರ್ಮಿಕರು ಅಂತ ಒಪ್ಪುತ್ತಾ?

‘ಅಂತರರಾಜ್ಯ ವಲಸೆ ಕಾರ್ಮಿಕ’ ಎಂದು ಒಪ್ಪುವುದಿಲ್ಲ. ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಆ ಹೆಸರು. ವಿಜಯಪುರದಿಂದ ಗೋವಾಕ್ಕೆ ಹೋದವರು, ಅಸ್ಸಾಂನಿಂದ ಕೊಡಗಿನ ತೋಟಕ್ಕೆ ಬಂದವರು ಅದರಲ್ಲಿ ಬರುತ್ತಾರೆ. ಮೇಸ್ತ್ರಿ ಮೂಲಕ ಬಂದರೂ ಸರಿ, ತಾವಾಗಿಯೇ ಬಂದು ಕೆಲಸ ಹಿಡಿದರೂ ಸರಿ. ಆದರೆ ಸಂಬಳ ತಿಂಗಳಿಗೆ 18,000 ರೂಪಾಯಿ ದಾಟಿರಬಾರದು, ಆ ಸಂಸ್ಥೆಯಲ್ಲಿ ಅಂಥವರು ಕನಿಷ್ಠ 10 ಮಂದಿ ಇರಬೇಕು. ಅವರಿಗೆ ಊರಿಗೆ ಹೋಗಿಬರುವ ಪ್ರಯಾಣದ ಖರ್ಚನ್ನೂ ಮಾಲೀಕ ಕೊಡಬೇಕು ಎಂದು ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ.

ಸುಮಾರು 500 ಕಿಲೋಮೀಟರ್ ದಾಟಿ ಬಂದ ಯಾದಗಿರಿಯವರಿಗೆ ಆ ಖರ್ಚು ಇಲ್ಲ, ಹೊಳೆ ದಾಟಿ ಪಕ್ಕದ ರಾಜ್ಯಕ್ಕೆ ಹೋದವರಿಗೆ ಇದೆ. ಇದು ನ್ಯಾಯವಲ್ಲ ಎಂದೇ ನಮ್ಮ ಅಭಿಪ್ರಾಯ. ಹಾಗೆಂದು ನಿಮ್ಮ ಕೈ ಬರಿದಾಗಿಲ್ಲ. ಕನಿಷ್ಠ ವೇತನ, ಪಗಾರದ ಬಾಕಿ, ಅಪಘಾತದ ಪರಿಹಾರ, ಉಚಿತ ವಕೀಲರು, ಇವಕ್ಕೆಲ್ಲ ‘ವಲಸೆ ಕಾರ್ಮಿಕ’ ಎಂಬ ಹಣೆಪಟ್ಟಿ ಬೇಕಾಗಿಲ್ಲ.

## ಪಗಾರ, ಗಾಯ, ಸಾವು

ಮೇಸ್ತ್ರಿ ಎರಡ ತಿಂಗಳ ಪಗಾರ ಕೊಟ್ಟಿಲ್ಲ, ಈಗ ಫೋನೂ ಎತ್ತವಲ್ಲ. ನಮ್ಮತ್ರ ಯಾವ ಕಾಗದಾನೂ ಇಲ್ಲರಿ.

ಕಾಗದ ಇಲ್ಲ ಎಂದು ಬಿಟ್ಟುಕೊಡಬೇಡಿ. ಕೂಲಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆಯನ್ನು ವೇತನ ಸಂಹಿತೆ ಮಾಲೀಕನ ಮೇಲೆಯೇ ಹೊರಿಸಿದೆ. ನೀವು ತೋರಿಸಬೇಕಾದ್ದು ಅಲ್ಲಿ ದುಡಿದಿರಿ ಎಂಬುದನ್ನು. ಅದಕ್ಕೆ ಬೇಕಾದ್ದು ಹೆಚ್ಚಾಗಿ ನಿಮ್ಮ ಫೋನಿನಲ್ಲೇ ಇರುತ್ತದೆ: ಸೈಟಿನಲ್ಲಿ ತೆಗೆದ ಫೋಟೊ, ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಫೋನ್‌ಪೇನಲ್ಲಿ ಬಂದ ಖರ್ಚಿಯ (ವಾರದ ಖರ್ಚಿಗೆಂದು ಕೊಡುವ ಮುಂಗಡ) ಲೆಕ್ಕ, ಗೇಟಿನ ಪಾಸು. ಯಾವುದನ್ನೂ ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ಕೋರ್ಟಿಗೆ ಹೋದಾಗ ಮೂಲ ಸಂದೇಶವೇ ಬೇಕಾಗುತ್ತದೆ.

ಸೈಟಿನ ಬೇಲಿಗೆ ತೂಗುಹಾಕಿದ ಫಲಕದ ಫೋಟೊವನ್ನು ಕೆಲಸಕ್ಕೆ ಸೇರಿದ ದಿನವೇ ತೆಗೆದಿಟ್ಟುಕೊಳ್ಳಿ. ಕಟ್ಟಡದ ಮಾಲೀಕರು, ಗುತ್ತಿಗೆ ಕಂಪನಿ, ಯೋಜನೆಯ ನೋಂದಣಿ ಸಂಖ್ಯೆ ಅದರಲ್ಲೇ ಇರುತ್ತವೆ. ‘ರಾಜು ಮೇಸ್ತ್ರಿ, ಮಾರತಹಳ್ಳಿ ಹತ್ರ’ ಎಂದಷ್ಟೇ ಬರೆದ ಅರ್ಜಿ ನೋಟಿಸ್ ತಲುಪದೆ ಬಿದ್ದಿರುತ್ತದೆ.

ಆಮೇಲೆ ಲೆಕ್ಕ. ಒಂದು ಜೋಡಿಯ ಲೆಕ್ಕವನ್ನು ಹೀಗೆ ಬರೆಯಬೇಕು. ಗಂಡನ ದಿನಗೂಲಿ 800, ಹಾಜರಿ 52 ದಿನ, ಒಟ್ಟು 41,600. ಹೆಂಡತಿಯ ದಿನಗೂಲಿ 550, ಹಾಜರಿ 52 ದಿನ, ಒಟ್ಟು 28,600. ಎರಡೂ ಸೇರಿ 70,200. ವಾರಕ್ಕೆ 2,000ದಂತೆ 8 ವಾರ ಪಡೆದ ಖರ್ಚಿ 16,000. ಅದನ್ನು ಕಳೆದರೆ ಬಾಕಿ 54,200. ಪಡೆದ ಖರ್ಚಿಯನ್ನು ಮುಚ್ಚಿಡಬೇಡಿ. ಎದುರಿನವರು ಫೋನ್‌ಪೇ ದಾಖಲೆ ತಂದು ತೋರಿಸಿದರೆ ಉಳಿದ ನಿಜವಾದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಒಪ್ಪಿದ ಕೂಲಿಯೇ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ಆ ವ್ಯತ್ಯಾಸವನ್ನೂ, ದಿನದ ಹೊತ್ತು ಮೀರಿ ದುಡಿದಿದ್ದರೆ ಓಟಿಗೆ ಎರಡರಷ್ಟು ದರವನ್ನೂ ಸೇರಿಸಿ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಹಾಗಾಗಿ ದುಡಿದ ತಿಂಗಳ ದರ ಹಿಡಿಯಬೇಕು, ಅರ್ಜಿ ಕೊಡುವ ತಿಂಗಳದ್ದಲ್ಲ.

ದೂರನ್ನು ಸೈಟಿನ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗೆ ಕೊಡಿ. ಬೆಂಗಳೂರಿನಲ್ಲಿ ಯಾವ ಕಚೇರಿ ಎಂದು ತಿಳಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿ. ನೀವು, ನಿಮ್ಮ ಸಂಘ, ಇಲಾಖೆಯ ನಿರೀಕ್ಷಕರು, ಮೂವರಲ್ಲಿ ಯಾರು ಬೇಕಾದರೂ ಹಕ್ಕುದಾವೆ ಹಾಕಬಹುದು. ಹಕ್ಕುದಾವೆ ತೀರ್ಮಾನಿಸುವ ಪ್ರಾಧಿಕಾರವು ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ 6 ತಿಂಗಳು, ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು ಇದ್ದ ಗಡುವು ಈಗ 3 ವರ್ಷ. ಹಬ್ಬಕ್ಕೆ ಊರಿಗೆ ಹೋಗಿ ಬಿತ್ತನೆ ಮುಗಿಸಿ ಬರುವಷ್ಟರಲ್ಲಿ ಗಡುವು ಕಳೆದುಕೊಳ್ಳುತ್ತಿದ್ದವರಿಗೆ ಇದು ದೊಡ್ಡ ಅನುಕೂಲ. 2025ರ ನವೆಂಬರ್ 21ಕ್ಕಿಂತ ಹಿಂದಿನ ಬಾಕಿಯಾದರೆ ಯಾವ ಕಾನೂನಿನಡಿ ಹಾಕಬೇಕೆಂದು ಕಾನೂನು ಸೇವಾ ಸಮಿತಿಯ ವಕೀಲರೇ ನೋಡಿ ಹಾಕಲಿ.

ಬಿಲ್ಡರ್ ಕೇಳಿದ್ರೆ ‘ನಾನು ಮೇಸ್ತ್ರಿಗೆ ಕೊಟ್ಟಾಗಿದೆ, ಅವನನ್ನೇ ಕೇಳಿ’ ಅಂತಾನೆ.

ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಆ ಸಂಸ್ಥೆಯ ಒಡೆತನ ಯಾರದೋ ಅವರೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಅದಕ್ಕೇ ಅರ್ಜಿಯಲ್ಲಿ ಮೊದಲ ಎದುರುದಾರನಾಗಿ ಮೇಸ್ತ್ರಿ, ಎರಡನೆಯವರಾಗಿ ಗುತ್ತಿಗೆ ಕಂಪನಿ, ಮೂರನೆಯವರಾಗಿ ಬಿಲ್ಡರ್, ಮೂವರ ಹೆಸರೂ ಇರಲಿ. ಮೇಸ್ತ್ರಿಯೊಬ್ಬನ ಮೇಲೆ ಹಾಕಿದ ಅರ್ಜಿಯಲ್ಲಿ ಗೆದ್ದರೂ ಕೈಗೆ ಏನೂ ಬರುವುದಿಲ್ಲ. ಎಷ್ಟೋ ಸಲ ಅವನೂ ನಿಮ್ಮೂರಿನವನೇ, ಅವನಿಗೂ ಮೇಲಿನಿಂದ ಬಂದಿರುವುದಿಲ್ಲ.

ಸ್ಟೇಷನ್‌ಗೆ ಹೋದ್ರೆ ‘ಇದು ಸಿವಿಲ್ ಮ್ಯಾಟರ್, ಹೋಗ್ರಿ’ ಅಂದ್ರು.

ಬರೀ ಪಗಾರದ ಬಾಕಿಯಾದರೆ ಅವರು ಹೇಳಿದ್ದು ಬಹುಮಟ್ಟಿಗೆ ಸರಿ. ಅದರ ಜಾಗ ಕಾರ್ಮಿಕ ಇಲಾಖೆ. ಆದರೆ ಹೊಡೆದಿದ್ದರೆ, ಕೂಡಿಹಾಕಿದ್ದರೆ, ಆಧಾರ್ ಕಾರ್ಡ್ ಕಿತ್ತಿಟ್ಟುಕೊಂಡಿದ್ದರೆ, ಜಾತಿ ಹಿಡಿದು ಬೈದಿದ್ದರೆ, ಹೆಂಗಸರ ಮೈಮುಟ್ಟಿದ್ದರೆ ಅದು ಪೊಲೀಸರದೇ ಕೆಲಸ. ದೂರಿನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ, ಪಗಾರದ ವಿಷಯ ಆಮೇಲೆ ಬರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಆಗಬೇಕು. ಗೋವಾದಲ್ಲಿ ಏಟು ತಿಂದು ಊರಿಗೆ ಬಂದವರು ತಮ್ಮ ಊರಿನ ಠಾಣೆಯಲ್ಲೇ ಕೊಡಬಹುದು. ಪ್ರತಿ ಉಚಿತ. ಒಪ್ಪದಿದ್ದರೆ ಎಸ್‌ಪಿಗೆ ಲಿಖಿತವಾಗಿ, ಆಮೇಲೆ ಮ್ಯಾಜಿಸ್ಟ್ರೇಟರಿಗೆ.

ಗಂಡಸ್ರಿಗೆ 800, ನಮಗೆ 550. ಕೆಲ್ಸ ಒಂದೇ. ಇದ್ಕೆ ಏನಾದ್ರೂ ಇದ್ಯಾ?

ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೊಡುವುದನ್ನು ವೇತನ ಸಂಹಿತೆಯ 3ನೇ ಕಲಂ ನಿಷೇಧಿಸಿದೆ. ‘ಒಂದೇ ಕೆಲಸ’ ಎಂದು ತೋರಿಸುವುದರಲ್ಲೇ ಪ್ರಕರಣ ನಿಲ್ಲುವುದೂ ಬೀಳುವುದೂ. ಒಂದೇ ಬಾಂಡ್ಲಿ, ಒಂದೇ ಮಹಡಿ, ಒಂದೇ ಹೊತ್ತು ಎಂಬುದನ್ನು ಇಬ್ಬರು ಸಾಕ್ಷಿಗಳ ಹೆಸರು ಹಾಕಿ ಬರೆಯಿರಿ. ಮೇಲಿನ ಜೋಡಿಯ ಲೆಕ್ಕದಲ್ಲಿ ಈ ವ್ಯತ್ಯಾಸವೊಂದೇ ದಿನಕ್ಕೆ 250, 52 ದಿನಕ್ಕೆ 13,000.

ನಮ್ಮ ತಮ್ಮ ಮೂರನೇ ಮಹಡಿಯಿಂದ ಬಿದ್ದು ತೀರ್ಕೊಂಡ. ಕಂಪನಿಯವ್ರು ಎರಡು ಲಕ್ಷ ಕೊಡ್ತೀವಿ, ಸಹಿ ಮಾಡಿ ಬಾಡಿ ತಗೊಂಡು ಹೋಗಿ ಅಂತಾರೆ.

ಆ ದಿನ ಯಾವ ಕಾಗದಕ್ಕೂ ಸಹಿ ಮಾಡಬೇಡಿ. ಮರಣೋತ್ತರ ಪರೀಕ್ಷೆಯಾಗಿ ಪೊಲೀಸರು ದೇಹವನ್ನು ಮನೆಯವರಿಗೇ ಒಪ್ಪಿಸಬೇಕು. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಾಗಿಲ್ಲ. ಊರಿಗೆ ಒಯ್ಯುವ ಮುಂಚೆ ಮೂರು ಕೆಲಸ ಆಗಬೇಕು. ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಎಫ್‌ಐಆರ್ ದಾಖಲಾಗಿ, ಬಿದ್ದ ಜಾಗ ಮತ್ತು ‘ಕೆಲಸ ಮಾಡುತ್ತಿದ್ದಾಗ’ ಎಂಬ ಮಾತು ಅದರಲ್ಲಿ ಇರಬೇಕು. ಮರಣೋತ್ತರ ಪರೀಕ್ಷೆ ಆಗಲೇಬೇಕು. ಜೊತೆಯಲ್ಲಿದ್ದ ಇಬ್ಬರ ಹೆಸರು, ಊರು, ಫೋನ್ ನಂಬರು ಬರೆದಿಟ್ಟುಕೊಳ್ಳಬೇಕು. ವಾರ ಕಳೆದರೆ ಅವರು ಯಾವ ಸೈಟಿನಲ್ಲಿರುತ್ತಾರೋ ಗೊತ್ತಾಗುವುದಿಲ್ಲ.

ಪರಿಹಾರ ಯಾರದೋ ಉದಾರತೆಯ ಮೇಲೆ ನಿಂತಿಲ್ಲ, ಅದಕ್ಕೆ ಸೂತ್ರ ಇದೆ. ಸಾವಾದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 30 ವರ್ಷದವನ ಗುಣಕ 207.98. ತಿಂಗಳ ವೇತನ 15,000 ಎಂದು ಹಿಡಿದರೆ 7,500 × 207.98, ಅಂದರೆ 15,59,850 ರೂಪಾಯಿ. ಎರಡು ಲಕ್ಷಕ್ಕೂ ಇದಕ್ಕೂ ಎಷ್ಟು ದೂರ ಎಂದು ನೋಡಿ. ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಕಾರಣವಿಲ್ಲದೆ ತಡ ಮಾಡಿದರೆ 50%ವರೆಗೆ ದಂಡ.

ಸಾವಿನ ಪರಿಹಾರವನ್ನು ಮಾಲೀಕ, ಪರಿಹಾರದ ದಾವೆ ತೀರ್ಮಾನಿಸುವ ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಎನಿಸುವುದಿಲ್ಲ. ಮೂರು ತಿಂಗಳ ವೇತನದಷ್ಟು ಮುಂಗಡವನ್ನು ಮಾತ್ರ ಕಳೆದುಕೊಳ್ಳಬಹುದು. ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡ ಒಪ್ಪಂದಕ್ಕೂ ಮಾನ್ಯತೆ ಇಲ್ಲ. ಹಾಗಾಗಿ ಈಗಾಗಲೇ ಸಹಿ ಮಾಡಿ ದುಡ್ಡು ಪಡೆದವರೂ ದಾವೆ ಹಾಕಬಹುದು.

ದಾವೆಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ಅವಲಂಬಿತರು ವಾಸವಿರುವ ಊರಿನ ಪ್ರಾಧಿಕಾರದಲ್ಲೂ ಹಾಕಬಹುದು. ಗಂಡನನ್ನು ಬೆಂಗಳೂರಿನಲ್ಲಿ ಕಳೆದುಕೊಂಡ ಶಹಾಪುರದ ಹೆಣ್ಣುಮಗಳು ಪ್ರತಿ ದಿನಾಂಕಕ್ಕೂ ರಾತ್ರಿ ಬಸ್ಸು ಹಿಡಿಯುವ ಅಗತ್ಯ ಇಲ್ಲ. ಗಡುವು 2 ವರ್ಷ. ಕಾರ್ಮಿಕ ಇಎಸ್ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಈ ದಾವೆಯ ಬದಲು ಇಎಸ್ಐನಿಂದ ಅವಲಂಬಿತರಿಗೆ ಪಿಂಚಣಿ ಬರುತ್ತದೆ. ಪಗಾರದಲ್ಲಿ ಇಎಸ್ಐ ಹಿಡಿದಿದ್ದಾರೆಯೇ ಎಂದು ಮೊದಲೇ ನೋಡಿ.

ಕಟ್ಟಡ ಕಾರ್ಮಿಕರ ಕಾರ್ಡ್, ಇ-ಶ್ರಮ್ ಕಾರ್ಡ್, ಎರಡೂ ಒಂದೇನಾ?

ಬೇರೆ ಬೇರೆ. ಇ-ಶ್ರಮ್ 2021ರ ಆಗಸ್ಟ್‌ನಲ್ಲಿ ಶುರುವಾದ ಕೇಂದ್ರದ ನೋಂದಣಿ. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರಿಗೆ, 12 ಅಂಕಿಯ ಸಂಖ್ಯೆ ಸಿಗುತ್ತದೆ. ಅದೊಂದರಿಂದಲೇ ದುಡ್ಡು ಬರುವುದಿಲ್ಲ. ಶೈಕ್ಷಣಿಕ ಸಹಾಯ, ಮದುವೆ, ಹೆರಿಗೆ, ಪಿಂಚಣಿ, ಅಪಘಾತದ ಸಹಾಯ ಬರುವುದು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿನಿಂದ. 18ರಿಂದ 60 ವರ್ಷ ವಯಸ್ಸಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಅರ್ಹರು. ಬಿಹಾರದವರಾದರೂ ಇಲ್ಲಿ ದುಡಿದಿದ್ದರೆ ಅರ್ಹರೇ. 90 ದಿನದ ಪ್ರಮಾಣಪತ್ರಕ್ಕಾಗಿ ಏಜೆಂಟರಿಗೆ ದುಡ್ಡು ಕೊಟ್ಟು ಸುಳ್ಳು ಸಹಿ ಮಾಡಿಸಬೇಡಿ. ತನಿಖೆಯಲ್ಲಿ ಕಾರ್ಡ್ ರದ್ದಾದರೆ ನಿಜವಾಗಿ ದುಡಿದವರೂ ಸಿಕ್ಕಿಬೀಳುತ್ತಾರೆ. ನವೀಕರಣದ ತಾರೀಖನ್ನು ಕಾರ್ಡಿನ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಿ.

ಊರಿನ ರೇಷನ್ ಕಾರ್ಡ್ ಇಲ್ಲಿ ನಡೆಯುತ್ತಾ?

ನಡೆಯುತ್ತದೆ. ಆಧಾರ್ ಜೋಡಣೆಯಾದ ಕಾರ್ಡಿದ್ದರೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೆಯಬಹುದು, ಗೋವಾದಲ್ಲೂ. ಹೊರರಾಜ್ಯದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಮನೆಮಂದಿ ಅರ್ಧ ಊರಲ್ಲಿ, ಅರ್ಧ ಇಲ್ಲಿದ್ದರೆ ತಮ್ಮ ಪಾಲಿನಷ್ಟನ್ನು ಇಲ್ಲಿ ಪಡೆದು ಉಳಿದದ್ದನ್ನು ಊರಲ್ಲಿ ಬಿಡಬಹುದು.

## ಪೊಲೀಸ್, ಜಾಮೀನು, ಶೆಡ್ಡು

ನಮ್ಮ ಹುಡುಗನ್ನ ರಾತ್ರಿ ಎತ್ಕೊಂಡು ಹೋದ್ರು. ಯಾಕೆ ಅಂತಾನೂ ಹೇಳ್ಲಿಲ್ಲ.

ಮೊದಲು 15100ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಅದರಲ್ಲಿ ಸೇರುವುದಿಲ್ಲ. ಬಂಧನದ ಕಾರಣವನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಆ ಕ್ಷಣಕ್ಕೆ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ತರುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ಗೋವಾದಲ್ಲಿ ಸಿಕ್ಕಿಬಿದ್ದ ಕನ್ನಡದ ಹುಡುಗನಿಗೆ ಕನ್ನಡದಲ್ಲಿ, ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಬಂಗಾಳದ ಹುಡುಗನಿಗೆ ಬಂಗಾಳಿಯಲ್ಲಿ ಎಂದರ್ಥ. ಮ್ಯಾಜಿಸ್ಟ್ರೇಟರು ‘ಹೊಡೆದರಾ?’ ಎಂದು ಕೇಳುವ ಹೊತ್ತು ಮುಖ್ಯವಾದದ್ದು. ಏಟು ಬಿದ್ದಿದ್ದರೆ ಅಲ್ಲೇ ಹೇಳಿ ಗಾಯ ತೋರಿಸಬೇಕು.

ಜಾಮೀನು ಆಗಿದೆ. ಆದ್ರೆ ಲೋಕಲ್ ಶೂರಿಟಿ ಬೇಕಂತೆ. ಇಲ್ಲಿ ನಮಗೆ ಯಾರ ಪರಿಚಯ ಇದೆ?

ಜಾಮೀನಿನ ಆದೇಶ ಕೈಯಲ್ಲಿದ್ದೂ ಜೈಲಿನಲ್ಲಿ ಕೊಳೆಯುವವರು ಬಹಳ ಮಂದಿ ಹೊರ ಊರಿನವರೇ. ಊರಿನ ಪಹಣಿ ತಂದರೆ ‘ಬೇರೆ ಜಿಲ್ಲೆಯದು’ ಎಂದು ತಿರಸ್ಕರಿಸುವುದು ಹೊಸದಲ್ಲ. 1978ರಲ್ಲಿ ಮೋತಿರಾಮ್ ಎಂಬ ಬಡ ಗಾರೆ ಕೆಲಸಗಾರನ ಪ್ರಕರಣ ಇದೇ ಆಗಿತ್ತು. 10,000 ರೂಪಾಯಿಯ ಶೂರಿಟಿ ಕೇಳಿದ ಮ್ಯಾಜಿಸ್ಟ್ರೇಟರು, ಆತನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಿರಲಿಲ್ಲ. ದೂರದ ಊರಿನಲ್ಲಿ ಬಂಧಿತನಾದ ಮಲಯಾಳಿ, ಕನ್ನಡಿಗ, ತಮಿಳ ಏನು ಮಾಡಬೇಕು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದರು. ಆತನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲಾಯಿತು.

ಈಗ ಮಾಡಬೇಕಾದ್ದು: ಷರತ್ತು ಸಡಿಲಿಸಲು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿ. ಸ್ಥಳೀಯ ಶೂರಿಟಿಗೆ ಪಟ್ಟು ಹಿಡಿಯಬಾರದು, ಜಾಮೀನಾಗಿ ಒಂದು ತಿಂಗಳಲ್ಲಿ ಬಾಂಡ್ ಕೊಡಲಾಗದಿದ್ದರೆ ಷರತ್ತನ್ನು ನ್ಯಾಯಾಲಯ ತಾನಾಗಿಯೇ ಮರುಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ನಿರ್ದೇಶನ ಕೊಟ್ಟಿದೆ. ಜಾಮೀನು ಸಿಗುವಂಥ ಸಣ್ಣ ಅಪರಾಧದಲ್ಲಿ ವಾರದೊಳಗೆ ಶೂರಿಟಿ ಕೊಡಲಾಗದವರನ್ನು ಬಡವರೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಕೋರ್ಟ್ ಬಾಗಿಲಲ್ಲಿ ದುಡ್ಡಿಗೆ ಸಿಗುವ ಬಾಡಿಗೆ ಶೂರಿಟಿಯನ್ನು ಮಾತ್ರ ಮುಟ್ಟಬೇಡಿ. ಅದು ಇನ್ನೊಂದು ಕೇಸಾಗುತ್ತದೆ.

ಶೆಡ್ಡು ಖಾಲಿ ಮಾಡಿ, ನೀವು ಬಾಂಗ್ಲಾದವ್ರು ಅಂತಿದಾರೆ. ನಮ್ಮದು ರಾಯಚೂರು!

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಆಯಿತು. ಅಕ್ರಮ ವಲಸಿಗರು ಎಂದು ಹೇಳಿ ಕೆಡವಿದ ಶೆಡ್ಡುಗಳಲ್ಲಿ ಉತ್ತರ ಕರ್ನಾಟಕದವರೂ ಈಶಾನ್ಯ ರಾಜ್ಯಗಳವರೂ ಇದ್ದರು. ಹೈಕೋರ್ಟ್ ತೆರವಿಗೆ ತಡೆ ಕೊಟ್ಟು, ಮನೆ ಕಳೆದುಕೊಂಡವರ ಪುನರ್ವಸತಿಗೆ ಸರ್ಕಾರಕ್ಕೆ ನಿರ್ದೇಶಿಸಿತು.

ನೋಟಿಸ್ ಕೇಳಿ. ಬಾಯಿಮಾತು ನೋಟಿಸ್ ಅಲ್ಲ. ಕೆಡವುವ ಮೊದಲು ಕನಿಷ್ಠ 15 ದಿನದ ಲಿಖಿತ ನೋಟಿಸ್ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ಆದರೆ ರಸ್ತೆ, ಫುಟ್‌ಪಾತ್, ರೈಲ್ವೆ ಹಳಿ ಪಕ್ಕ, ಕೆರೆ-ಹೊಳೆ ಜಾಗದ ಅನಧಿಕೃತ ಕಟ್ಟಡಕ್ಕೆ ಆ ತೀರ್ಪಿನ ರಕ್ಷಣೆ ಇಲ್ಲ. ಹಾಗಾಗಿ ಜಾಗ ಯಾರದು ಎಂದು ಮೊದಲು ತಿಳಿಯಬೇಕು. ಖಾಸಗಿ ಜಾಗವಾದರೆ ಬಾಡಿಗೆ ಕೊಟ್ಟ ರಸೀದಿ ಅಥವಾ ಫೋನ್‌ಪೇ ದಾಖಲೆ ಹುಡುಕಿ. ಮತದಾರರ ಚೀಟಿ, ರೇಷನ್ ಕಾರ್ಡ್, ಮಕ್ಕಳ ಶಾಲೆಯ ದಾಖಲೆಗಳ ಫೋಟೊ ಊರಿನಲ್ಲಿರುವ ಒಬ್ಬರ ಫೋನಿನಲ್ಲೂ ಇರಲಿ. ಬುಲ್ಡೋಜರ್ ಬಂದ ದಿನ ಮೂಲ ಕಾಗದ ಮಣ್ಣಡಿ ಹೋಗುತ್ತದೆ.

ನಾವು ಈ ದೇಶದವರಲ್ಲ. ನಮಗೂ ವಕೀಲರು ಸಿಗ್ತಾರಾ?

ಸಿಗುತ್ತಾರೆ. 12ನೇ ಕಲಂನಲ್ಲಿರುವ ಮಾತು ‘ವ್ಯಕ್ತಿ’, ‘ನಾಗರಿಕ’ ಅಲ್ಲ. ಸಂವಿಧಾನದ 21ನೇ ವಿಧಿಯೂ ಹಾಗೆಯೇ. ಪೌರತ್ವದ ಪ್ರಶ್ನೆ ಬಂದಾಗ ಸಾಬೀತಿನ ಹೊಣೆ ವ್ಯಕ್ತಿಯ ಮೇಲಿರುವುದರಿಂದ ಮೊದಲ ದಿನದಿಂದಲೇ ವಕೀಲರು ಬೇಕು. ಹಾಗೆಂದು ಆಧಾರವಿಲ್ಲದೆ ಯಾರನ್ನೋ ನಿಲ್ಲಿಸಿ ‘ಪೌರತ್ವ ಸಾಬೀತು ಮಾಡು’ ಎನ್ನುವಂತಿಲ್ಲ ಎಂದು ಅಸ್ಸಾಂನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಅರ್ಥವಾಗದ ಭಾಷೆಯ ಹೇಳಿಕೆಗೆ ಸಹಿ ಹಾಕಬೇಡಿ, ದುಭಾಷಿಯನ್ನು ಕೇಳಿ.

## ಇನ್ನೂ ಮುಂದಿನದು

ಮಗಳ ಮದುವೆಗೆ 40 ಸಾವಿರ ಮುಂಗಡ ತಗೊಂಡೀವಿ. ತೀರೋತನಕ ಇಟ್ಟಿಗೆ ಭಟ್ಟಿ ಬಿಟ್ಟು ಹೋಗೂ ಹಂಗಿಲ್ಲ ಅಂತಾನ. ಇದು ಜೀತ ಏನ್ರಿ?

ಮುಂಗಡ ಪಡೆದದ್ದಷ್ಟೇ ಜೀತವಲ್ಲ. ಆ ಸಾಲದ ಹೆಸರಿನಲ್ಲಿ ಬೇರೆ ಕಡೆ ದುಡಿಯಲು, ಓಡಾಡಲು ಬಿಡದಿದ್ದರೆ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಆ ಸಾಲವೇ ರದ್ದು, ಹಿಂದಿರುಗಿಸಬೇಕಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ದೂರನ್ನು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಕೊಡಬೇಕು, ನಿಮ್ಮ ಪರವಾಗಿ ಬೇರೆಯವರೂ ಕೊಡಬಹುದು. ಬಿಡಿಸಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಡುಗಡೆ ಪ್ರಮಾಣಪತ್ರ. ಒಬ್ಬೊಬ್ಬರ ಹೆಸರಿಗೂ ಬೇರೆಯಾಗಿ ಇರಬೇಕು. ಗಂಡನ ಹೆಸರಿಗೆ ಮಾತ್ರ ಬರೆದು, ಜೊತೆಗೆ ಮಣ್ಣು ತುಳಿದ ಹೆಂಡತಿಯನ್ನು ಬಿಟ್ಟುಬಿಡುವುದುಂಟು. ಅಲ್ಲೇ ತಿದ್ದಿಸಿ. ತಕ್ಷಣದ ನೆರವು 30,000 ರೂಪಾಯಿವರೆಗೆ. ಪೂರ್ಣ ಪುನರ್ವಸತಿ ಗಂಡಸರಿಗೆ 1 ಲಕ್ಷ, ಹೆಂಗಸರು-ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ. ಪರಿಶಿಷ್ಟರಾದರೆ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಎಚ್) ಅನ್ನೂ ಸೇರಿಸಲು ಹೇಳಿ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡ್ಕೊಳ್ಳಿ ಅಂತ ಒತ್ತಾಯ ಮಾಡ್ತಿದಾರೆ. ಮಾಡ್ಕೋಬೋದಾ?

ಮೊತ್ತ ನ್ಯಾಯವಾಗಿದ್ದು ದುಡ್ಡು ಅಂದೇ ಕೈಗೆ ಬರುವಂತಿದ್ದರೆ ಒಳ್ಳೆಯದು. ಕಟ್ಟಿದ ಕೋರ್ಟ್ ಫೀ ಇದ್ದರೆ ಅದೂ ವಾಪಸ್ ಬರುತ್ತದೆ. ಆದರೆ ಒಂದನ್ನು ಮರೆಯಬೇಡಿ, ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿ ಇಲ್ಲ. ‘ಆಮೇಲೆ ಕೊಡುತ್ತೇವೆ’ ಎಂಬ ಮಾತಿಗೆ ಸಹಿ ಬೇಡ. ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ, ತಪ್ಪಿದರೆ ಬಡ್ಡಿ ಎಷ್ಟು ಎಂದು ಬರೆಸಿ. ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಎನ್ನಿ, ಪ್ರಕರಣ ಇದ್ದ ನ್ಯಾಯಾಲಯಕ್ಕೇ ಮರಳುತ್ತದೆ. ಅದರಿಂದ ನಿಮಗೆ ಯಾವ ದಂಡವೂ ಇಲ್ಲ.

ಆರ್ಡರ್ ನಮ್ ಕಡೆ ಆಯ್ತು. ಆರು ತಿಂಗಳಾದ್ರೂ ದುಡ್ಡು ಬಂದಿಲ್ಲ.

ಆದೇಶವಾದ ಮೇಲೂ ಒಂದು ಹೆಜ್ಜೆ ಉಳಿದಿರುತ್ತದೆ. ಅದನ್ನು ಯಾರೂ ಹೇಳದೆ ಎಷ್ಟೋ ಆದೇಶಗಳು ಟ್ರಂಕಿನಲ್ಲಿ ಮಡಚಿಕೊಂಡೇ ಉಳಿದಿವೆ. ಪಗಾರದ ಆದೇಶವಾದರೆ ಅದೇ ಪ್ರಾಧಿಕಾರಕ್ಕೆ ವಸೂಲಿ ಪ್ರಮಾಣಪತ್ರ ಕೊಡಿ ಎಂದು ಅರ್ಜಿ ಹಾಕಿ. ಅದು ಸಂಸ್ಥೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಹೋಗಿ, ಭೂಕಂದಾಯದ ಬಾಕಿಯಂತೆ ತಹಶೀಲ್ದಾರರ ಮೂಲಕ ವಸೂಲಾಗುತ್ತದೆ. ಪ್ರಮಾಣಪತ್ರದ ಸಂಖ್ಯೆ ಮತ್ತು ತಾರೀಖನ್ನು ಬರೆದುಕೊಂಡು, ತಹಶೀಲ್ದಾರ್ ಕಚೇರಿಯಲ್ಲಿ ಯಾವ ಟೇಬಲ್ಲಿಗೆ ಬಂದಿದೆ ಎಂದು 15 ದಿನಕ್ಕೊಮ್ಮೆ ಕೇಳಿ. ಬಿಲ್ಡರನ ಬ್ಯಾಂಕ್ ಹೆಸರು, ಮಾರಾಟವಾಗದ ಫ್ಲಾಟಿನ ಸಂಖ್ಯೆ ನಿಮಗೆ ಗೊತ್ತಿದ್ದರೆ ಬರೆದು ಕೊಡಿ. ಜಪ್ತಿ ಮಾಡಲು ಏನಿದೆ ಎಂದು ಗೊತ್ತಿಲ್ಲದೆ ಕಡತ ನಿಂತುಬಿಡುತ್ತದೆ, ಆ ಗೋಡೆ ಕಟ್ಟಿದ ನಿಮಗೆ ಅದು ಗೊತ್ತಿರುತ್ತದೆ. ಲೋಕ ಅದಾಲತ್ತಿನ ತೀರ್ಪಾದರೆ ಅದು ಡಿಕ್ರಿಗೆ ಸಮ. ಸಿವಿಲ್ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕು, ಅದಕ್ಕೂ ಉಚಿತ ವಕೀಲರು ಸಿಗುತ್ತಾರೆ.